ಮನೆಯಂಗಳದ ಬೈಕು ಕಳುವಾಗದಂತೆ ನೋಡಿಕೊಳ್ಳುವುದು ಹೇಗೆ?

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಂತಹ ಊರುಗಳಲ್ಲಿ ಬೈಕು ಇಲ್ಲದೆ ದಿನ ಸಾಗುವುದು ಕಷ್ಟ. ಡೈರಿಗೆ ಹಾಲು ಒಯ್ಯಲು, ಸೊಸೈಟಿಗೆ ಹೋಗಿಬರಲು, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಸಿದ್ದಾಪುರಕ್ಕೋ ಶಿರಸಿಗೋ ಓಡಲು ಅದೇ ಬೇಕು. ಇಷ್ಟು ಬೇಕಾದ ವಾಹನದ ಕೀ ಮಾತ್ರ ಎಷ್ಟೋ ಮನೆಗಳಲ್ಲಿ ಜಗಲಿಯ ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಕೆಲವೊಮ್ಮೆ ಬೈಕಿನಲ್ಲೇ ಉಳಿದಿರುತ್ತದೆ.

‘ನಮ್ಮೂರಲ್ಲಿ ಯಾರು ಕದೀತಾರೆ?’ ಎಂಬ ಧೈರ್ಯಕ್ಕೆ ಕಾರಣವಿಲ್ಲದೆ ಇಲ್ಲ. ಊರಿನವರೆಲ್ಲ ಪರಿಚಿತರು. ಆದರೆ ರಸ್ತೆ ಊರಿನವರಿಗೆ ಮಾತ್ರ ಸೇರಿದ್ದಲ್ಲ. ತೋಟದ ಮನೆಗಳು ಒಂದಕ್ಕೊಂದು ದೂರ ಇರುವುದರಿಂದ ನಡುರಾತ್ರಿ ಅಂಗಳಕ್ಕೆ ಬಂದವರನ್ನು ನೋಡಲು ಪಕ್ಕದ ಮನೆಯವರೂ ಇರುವುದಿಲ್ಲ.

ಮುರಿಯಲಾಗದ ಬೀಗ ಎಂಬುದು ಇಲ್ಲ. ಕಳ್ಳನಿಗೆ ಆಗದ ಸಂಗತಿಗಳು ಎರಡು: ಹೆಚ್ಚು ಹೊತ್ತು ಹಿಡಿಯುವುದು ಮತ್ತು ಸದ್ದಾಗುವುದು. ನಾವು ಮಾಡುವ ಪ್ರತಿಯೊಂದು ಉಪಾಯವನ್ನೂ ಈ ಎರಡರಿಂದಲೇ ಅಳೆಯಬೇಕು.

ಹ್ಯಾಂಡಲ್ ಲಾಕ್ ಹಾಕಿದರೆ ಸಾಕೇ?

ಸಾಲದು. ಹ್ಯಾಂಡಲ್ ಲಾಕ್ ಎಂದರೆ ಹ್ಯಾಂಡಲ್ ತಿರುಗದಂತೆ ಒಳಗೆ ಅಡ್ಡ ನಿಲ್ಲುವ ಒಂದು ಸಣ್ಣ ಕಬ್ಬಿಣದ ಗೂಟ. ಅದು ತಿರುಗುವ ಕೇಂದ್ರಕ್ಕೆ ಎರಡು–ಮೂರು ಸೆಂಟಿಮೀಟರಿನಷ್ಟು ಹತ್ತಿರದಲ್ಲಿರುತ್ತದೆ. ಹ್ಯಾಂಡಲಿನ ಹಿಡಿ ಅದೇ ಕೇಂದ್ರದಿಂದ ಸುಮಾರು 35 ಸೆಂಟಿಮೀಟರ್ ದೂರದಲ್ಲಿದೆ. ಹಾರೆಕೋಲಿನಿಂದ ಕಲ್ಲು ಎಬ್ಬಿಸುವಾಗಿನ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಹಿಡಿಯ ಮೇಲೆ ಬಿದ್ದ ಬಲ ಆ ಗೂಟದ ಮೇಲೆ ಹತ್ತು ಪಟ್ಟಿಗಿಂತ ಹೆಚ್ಚಾಗಿ ಬೀಳುತ್ತದೆ. ಹಾಗೆಂದು ಅದನ್ನು ಹಾಕದೆ ಬಿಡಬಾರದು. ಅದು ಮೊದಲ ಬೀಗ, ಕೊನೆಯದಲ್ಲ.

ಪೆಟ್ರೋಲ್ ನಲ್ಲಿ ಬಂದ್ ಮಾಡಿಡುವುದು, ಪ್ಲಗ್ಗಿನ ಟೋಪಿ ಕಿತ್ತಿಡುವುದು ಹಳೆಯ ರೂಢಿ. ಕಾರ್ಬ್ಯುರೇಟರ್ ಇರುವ ಬೈಕಿನಲ್ಲಿ ನಲ್ಲಿ ಬಂದ್ ಮಾಡಿದರೂ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲಿನಿಂದ ಅದು ಸ್ವಲ್ಪ ದೂರ ಓಡುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಬೈಕುಗಳಲ್ಲಿ ಹೆಚ್ಚಿನವಕ್ಕೆ ಆ ನಲ್ಲಿಯೇ ಇಲ್ಲ. ಅಲ್ಲದೆ ಎಂಜಿನ್ ಚಾಲೂ ಆಗದಿದ್ದರೂ ಬೈಕನ್ನು ತಳ್ಳಿಕೊಂಡು ಹೋಗಬಹುದು. ಸಾಮಾನ್ಯ ಬೈಕಿನ ತೂಕ 100ರಿಂದ 120 ಕಿಲೋ. ಇಬ್ಬರು ಮೂವರು ಸೇರಿದರೆ ಎತ್ತಿ ವಾಹನಕ್ಕೇ ಹಾಕಬಹುದು.

ಆದ್ದರಿಂದ ಬೈಕಿಗೆ ಬೀಗ ಹಾಕುವುದಷ್ಟೇ ಅಲ್ಲ, ಅದನ್ನು ಅಲುಗದ ಯಾವುದಾದರೂ ವಸ್ತುವಿಗೆ ಕಟ್ಟಬೇಕು.

ಯಾವುದಕ್ಕೆ ಕಟ್ಟಬೇಕು, ಹೇಗೆ?

ಅಂಗಳದ ಚಪ್ಪರದ ಅಡಿಕೆ ಕಂಬ ಇದಕ್ಕೆ ಆಗುವುದಿಲ್ಲ. ಅದನ್ನು ಕಡಿಯಲು ಒಂದು ಕತ್ತಿ ಸಾಕು. ಚಿರೆಕಲ್ಲಿನ ಗೋಡೆಗೆ ಹೊಡೆದ ಕೊಂಡಿಯೂ ಕಾಲಕ್ರಮೇಣ ಸಡಿಲವಾಗುತ್ತದೆ, ಏಕೆಂದರೆ ಆ ಕಲ್ಲು ಮೆದು ಮತ್ತು ತೂತುತೂತಾಗಿರುತ್ತದೆ. ಕಾಂಕ್ರೀಟ್ ಕಂಬ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಬೈಕು ನಿಲ್ಲಿಸುವ ಜಾಗದಲ್ಲಿ ಒಂದು ಗುಂಡಿ ತೋಡಿ, ದಪ್ಪ ಕಬ್ಬಿಣದ ಸರಳನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ಕಾಂಕ್ರೀಟಿನಲ್ಲಿ ಹೂತುಬಿಡಿ.

ಸರಪಳಿ ಗಟ್ಟಿಗೊಳಿಸಿದ ಉಕ್ಕಿನದಾಗಿರಲಿ. ನಾಯಿಗೆ ಕಟ್ಟುವ ತೆಳು ಸರಪಳಿಯಿಂದ ಪ್ರಯೋಜನವಿಲ್ಲ. ಮುಂದಿನ ಚಕ್ರಕ್ಕಿಂತ ಹಿಂದಿನ ಚಕ್ರವನ್ನು ಬಿಚ್ಚುವುದು ತಡ, ಹಾಗಾಗಿ ಹಿಂದಿನ ಚಕ್ರದ ಒಳಗಿಂದ ತೂರಿಸಿ. ಸರಪಳಿಯೂ ಬೀಗವೂ ನೆಲಕ್ಕೆ ತಾಗದಂತೆ ಬಿಗಿಯಾಗಿರಲಿ. ನೆಲದ ಮೇಲೆ ಬಿದ್ದ ಬೀಗಕ್ಕೆ ಸುತ್ತಿಗೆ ಏಟು ಹಾಕಲು ನೆಲವೇ ಅಡಿಗಲ್ಲಾಗುತ್ತದೆ. ಡಿಸ್ಕ್ ಬ್ರೇಕಿಗೆ ಹಾಕುವ ಸಣ್ಣ ಬೀಗವೂ ಜೊತೆಗಿದ್ದರೆ ಒಳ್ಳೆಯದು. ಅದನ್ನು ಮರೆತು ಗಾಡಿ ಓಡಿಸಿ ಬೀಳದಂತೆ ಹ್ಯಾಂಡಲಿಗೆ ಒಂದು ಕೆಂಪು ದಾರ ಕಟ್ಟಿಡಿ.

ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬಹುದೇ?

ಮಳೆಗಾಲದಲ್ಲಿ ಬೀಗ ಜಾಮ್ ಆದರೆ ನಮ್ಮ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಯ ಬಾಟಲಿಗೆ. ಆ ಕ್ಷಣಕ್ಕೆ ಬೀಗ ತೆರೆದುಕೊಳ್ಳುತ್ತದೆ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಬೀಗದೊಳಗೂ ಇದೇ ಆಗುತ್ತದೆ. ದಿನ ಕಳೆದಂತೆ ಎಣ್ಣೆ ಅಂಟಾಗಿ ಧೂಳನ್ನೂ ಹಿಡಿದುಕೊಳ್ಳುತ್ತದೆ. ಬೀಗ ತೆರೆಯಲು ಕಷ್ಟವಾದಾಗ ಮನುಷ್ಯ ಮಾಡುವುದು ಒಂದೇ, ಬೀಗ ಹಾಕುವುದನ್ನು ಬಿಟ್ಟುಬಿಡುತ್ತಾನೆ. ಇದರ ಬದಲು ಗ್ರಾಫೈಟ್ ಪುಡಿ ಅಥವಾ ಬೀಗಕ್ಕೆಂದೇ ಸಿಗುವ ಸ್ಪ್ರೇ ಬಳಸಿ. ಕೀ ತೂರಿಸುವ ತೂತು ಕೆಳಮುಖವಾಗಿದ್ದರೆ ಮಳೆನೀರು ಒಳಗೆ ನಿಲ್ಲುವುದಿಲ್ಲ.

ಕೊಟ್ಟಿಗೆಯಲ್ಲಿ ನಿಲ್ಲಿಸುವುದು ಒಳ್ಳೆಯದೇ?

ಕಣ್ಣಿಗೆ ಬೀಳುವುದಿಲ್ಲ, ದನಗಳು ಎಚ್ಚರವಾಗುತ್ತವೆ ಎಂಬುದು ನಿಜ. ಆದರೆ ಗೋಮೂತ್ರದಿಂದ ಏಳುವ ಅಮೋನಿಯ ಹಿತ್ತಾಳೆಗೆ ಶತ್ರು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯವೇ ಇದಕ್ಕೆ ಕಾರಣ ಎಂಬುದು 1921ರಲ್ಲಿ ವಿವರವಾಗಿ ತಿಳಿಯಿತು. ಹಿತ್ತಾಳೆ ಬೀಗವನ್ನು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಇಟ್ಟರೆ ಅದು ಹಸಿರುಗಟ್ಟಿ ಕೆಡಬಹುದು. ಇನ್ನೂ ದೊಡ್ಡ ಅಪಾಯ ಬೆಂಕಿಯದು. ಹುಲ್ಲಿನ ಪಕ್ಕದಲ್ಲಿ ಪೆಟ್ರೋಲ್ ವಾಹನ ನಿಲ್ಲಿಸಬಾರದು.

ಅಲಾರಾಂ, ಕ್ಯಾಮೆರಾ, ಜಿಪಿಎಸ್: ಯಾವುದು ಉಪಯೋಗ?

ಅಲಾರಾಂ: ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಇದ್ದ ಸದ್ದು 100 ಮೀಟರ್ ದೂರದ ಮನೆಗೆ 70 ಡೆಸಿಬೆಲ್ ಆಗಿ ತಲುಪುತ್ತದೆ. ನಡುವೆ ತೋಟ, ದಿಬ್ಬ ಇದ್ದರೆ ಇನ್ನೂ ಕಡಿಮೆ. ಆಷಾಢದ ಮಳೆ ಹಂಚಿನ ಮೇಲೆ ಸುರಿಯುವಾಗ ಅದು ಕೇಳುವುದು ಅನುಮಾನ. ಹಾಗಾಗಿ ಅಲಾರಾಂ ಎಬ್ಬಿಸಬೇಕಾದ್ದು ನಿಮ್ಮನ್ನು. ಬೈಕನ್ನು ಯಾರಾದರೂ ಮಲಗುವ ಕೋಣೆಯ ಹತ್ತಿರವೇ ನಿಲ್ಲಿಸಿ.

ಕ್ಯಾಮೆರಾ: ಅದು ನೋಡುತ್ತದೆ, ತಡೆಯುವುದಿಲ್ಲ. ಕರೆಂಟು ಹೋದರೆ ನೋಡುವುದೂ ಇಲ್ಲ. ಇದಕ್ಕಿಂತ ಅಗ್ಗದಲ್ಲಿ, ಮನುಷ್ಯನ ಮೈಯ ಶಾಖ ಚಲಿಸುವುದನ್ನು ಗುರುತಿಸಿ ತಾನಾಗಿ ಹೊತ್ತಿಕೊಳ್ಳುವ ಸೋಲಾರ್ ದೀಪ ಸಿಗುತ್ತದೆ. ಇಡೀ ರಾತ್ರಿ ಉರಿಯುವ ದೀಪಕ್ಕಿಂತ ಥಟ್ಟನೆ ಹೊತ್ತಿಕೊಳ್ಳುವ ದೀಪ ಗಮನ ಸೆಳೆಯುತ್ತದೆ.

ಜಿಪಿಎಸ್: ಉಪಗ್ರಹವೇ ಬೈಕು ಎಲ್ಲಿದೆ ಎಂದು ನಮಗೆ ಹೇಳುತ್ತದೆ ಎಂಬುದು ತಪ್ಪು ತಿಳುವಳಿಕೆ. ಸಾಧನವು ಉಪಗ್ರಹದ ಸಂಕೇತ ಪಡೆದು ತನ್ನ ಸ್ಥಳವನ್ನು ಲೆಕ್ಕ ಹಾಕುತ್ತದೆ. ಅದನ್ನು ನಿಮ್ಮ ಮೊಬೈಲಿಗೆ ಕಳಿಸುವುದು ಅದರೊಳಗಿನ ಸಿಮ್. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಅದು ಮೌನ. ಕೊಳ್ಳುವ ಮುನ್ನ ನಿಮ್ಮ ಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಬರುತ್ತದೆ ಎಂದು ನೋಡಿ ಅದರ ಸಿಮ್ಮನ್ನೇ ಹಾಕಿಸಿ.

ಹೊಸ ನಂಬರ್ ಪ್ಲೇಟು: ಎಚ್‌ಎಸ್‌ಆರ್‌ಪಿ ಪ್ಲೇಟು ಕಳವು ತಡೆಯುವುದಿಲ್ಲ. ಕೆಎ-31 ಪ್ಲೇಟು ಕಿತ್ತು ಬೇರೆ ಸಂಖ್ಯೆ ಹಾಕಿ ತಿರುಗುವುದನ್ನು ಕಷ್ಟ ಮಾಡುತ್ತದೆ, ಅಷ್ಟೆ.

ಮಳೆಗಾಲದಲ್ಲಿ ಬೈಕು ಮನೆಗೆ ಬರುವುದೇ ಇಲ್ಲವಲ್ಲ?

ಇದು ನಮ್ಮ ಕಡೆಯ ನಿಜವಾದ ತೊಡಕು. ಕಾಲುಸಂಕ ದಾಟಬೇಕಾದ ಮನೆಗಳವರು, ಮಣ್ಣುರಸ್ತೆ ಕೆಸರಾದವರು ಜೂನ್‌ನಿಂದ ತಿಂಗಳುಗಟ್ಟಲೆ ಬೈಕನ್ನು ಡಾಂಬರು ರಸ್ತೆಯ ಬದಿಯಲ್ಲೇ ಬಿಟ್ಟು ಬರುತ್ತಾರೆ. ಅಂಥವರು ಬಸ್ ನಿಲ್ದಾಣದ ಬದಲು ರಸ್ತೆಯಂಚಿನ ಯಾರದಾದರೂ ಅಂಗಳವನ್ನು ಕೇಳಿಕೊಳ್ಳುವುದು ಉತ್ತಮ. ನಾಲ್ಕು ಮನೆಯವರು ಸೇರಿ ಅಲ್ಲೇ ಒಂದು ಕಾಂಕ್ರೀಟ್ ಕೊಂಡಿ ಹಾಕಿಸಿದರೆ ನಾಲ್ಕೂ ಬೈಕುಗಳನ್ನು ಒಟ್ಟಿಗೆ ಸರಪಳಿಗೆ ಬಿಗಿಯಬಹುದು.

‘ಐದು ವರ್ಷದ ಇನ್ಶೂರೆನ್ಸ್ ಇದೆ’ ಎಂಬ ಭ್ರಮೆ

ಇಷ್ಟೆಲ್ಲ ಮಾಡಿದ ಮೇಲೂ ಬೈಕು ಹೋದರೆ ಹಣವಾದರೂ ಬರುತ್ತದೆ ಎಂದುಕೊಂಡವರು ಪಾಲಿಸಿಯನ್ನು ಇವತ್ತೇ ತೆಗೆದು ಓದಬೇಕು. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಮ್ಮ ಬೈಕಿನಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ಕಳವಿಗೆ ಹಣ ಬರುವುದು ‘ಓನ್ ಡ್ಯಾಮೇಜ್’ ಎಂಬ ಭಾಗದಿಂದ, ಅದು ಸಾಮಾನ್ಯವಾಗಿ ಮೊದಲ ಒಂದು ವರ್ಷಕ್ಕಷ್ಟೇ ಇರುತ್ತದೆ. ಆಮೇಲೆ ಅದನ್ನು ಪ್ರತಿ ವರ್ಷ ಪ್ರತ್ಯೇಕವಾಗಿ ನವೀಕರಿಸಬೇಕು.

ಸಿಗುವುದು ಕೊಂಡ ಬೆಲೆಯಲ್ಲ, ಐಡಿವಿ ಎಂಬ ಇಳಿಸಿದ ಬೆಲೆ. ಬಳಕೆಯಲ್ಲಿರುವ ಲೆಕ್ಕದಂತೆ ಒಂದರಿಂದ ಎರಡು ವರ್ಷದ ಗಾಡಿಗೆ ಶೇ 20, ಮೂರರಿಂದ ನಾಲ್ಕು ವರ್ಷದ್ದಕ್ಕೆ ಶೇ 40 ಕಡಿತ. 80,000 ರೂಪಾಯಿಯ ಬೈಕು ನಾಲ್ಕನೇ ವರ್ಷದಲ್ಲಿ ಹೋದರೆ ಸುಮಾರು 48,000.

ಸೆಕೆಂಡ್ ಹ್ಯಾಂಡ್ ಕೊಂಡವರು 14 ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೆಯ ಮಾಲೀಕನ ಹೆಸರಿನ ಪಾಲಿಸಿಯಿಂದ ಕಳವಿನ ಹಣ ಸಿಗುವುದು ಕಷ್ಟ. ಇನ್ನೊಂದು ಮುಖ್ಯ ಮಾತು: ಕ್ಲೇಮಿನ ವೇಳೆ ಕಂಪನಿ ಎರಡೂ ಕೀ ಕೇಳುತ್ತದೆ. ಬೈಕಿನಲ್ಲೇ ಕೀ ಬಿಟ್ಟಿದ್ದರೆ ಅಜಾಗರೂಕತೆ ಎಂದು ತಕರಾರು ಬರುತ್ತದೆ. ಮೊಳೆಯ ಮೇಲಿನ ಕೀ ನಿಮಗೆ ಎರಡು ಸಲ ನಷ್ಟ ಮಾಡಬಲ್ಲದು.

ಕಳುವಾದರೆ ಮೊದಲು ಏನು ಮಾಡಬೇಕು?

1. ತಕ್ಷಣ 112ಕ್ಕೆ ಕರೆ ಮಾಡಿ. ನೋಂದಣಿ ಸಂಖ್ಯೆ, ಬಣ್ಣ, ಕಂಡ ಹೊತ್ತು ಹೇಳಿ.

2. ದೂರು ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

3. ವಿಮಾ ಕಂಪನಿಗೂ ಅದೇ ದಿನ ತಿಳಿಸಿ. ಎಫ್‌ಐಆರ್ ಕೂಡಲೇ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೂ ತಡ ಮಾಡಬೇಡಿ.

4. ಶಿರಸಿಯ ಆರ್‌ಟಿಒ ಕಚೇರಿಗೆ ಲಿಖಿತವಾಗಿ ತಿಳಿಸಿ.

5. ಬೈಕು ಪತ್ತೆಯಾಗದಿದ್ದರೆ ಪೊಲೀಸರು ಕೊಡುವ ‘ಸಿ’ ವರದಿ ಕ್ಲೇಮಿಗೆ ಬೇಕು. ಅದನ್ನು ಕೇಳಿ ಪಡೆಯಿರಿ.

ಇದಕ್ಕೆಲ್ಲ ಬೇಕಾದ ಎಂಜಿನ್ ನಂಬರ್, ಚಾಸಿ ನಂಬರ್, ಪಾಲಿಸಿಯ ಫೋಟೊ ಈಗಲೇ ಮೊಬೈಲಿನಲ್ಲಿರಲಿ, ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ. ಮೂಲ ಆರ್‌ಸಿಯನ್ನು ಬೈಕಿನ ಡಬ್ಬಿಯಲ್ಲಿ ಇಡಬೇಡಿ. ತಪಾಸಣೆಯ ವೇಳೆ ಡಿಜಿಲಾಕರ್‌ನ ಪ್ರತಿಗೂ ಮಾನ್ಯತೆಯಿದೆ.

ಕೊನೆಗೆ, ಒಂದು ರೂಪಾಯಿಯೂ ಬೇಡದ ಕೆಲಸ ಒಂದಿದೆ. ಇವತ್ತು ರಾತ್ರಿ ಮಲಗುವ ಮುನ್ನ ಜಗಲಿಯ ಮೊಳೆಯಿಂದ ಕೀ ತೆಗೆದು ಒಳಗಿನ ಕಪಾಟಿನಲ್ಲಿಡಿ. ಎರಡನೆಯ ಕೀ ಎಲ್ಲಿದೆ ಎಂದೂ ಹುಡುಕಿ ನೋಡಿ.