ಮುಂಬೈ ದ್ವೀಪದ ಶಿಲಾರಚನೆ

ದಾದರ್ ಇರುವುದು ಎರಡು ಕಲ್ಲುದಿಣ್ಣೆಗಳ ನಡುವಿನ ತಗ್ಗಿನಲ್ಲಿ. ಪಶ್ಚಿಮದ ದಿಣ್ಣೆ ಮಲಬಾರ್ ಹಿಲ್‌ನಿಂದ ಕಂಬಾಲಾ ಹಿಲ್ ಹಾಯ್ದು ವರ್ಲಿಯವರೆಗೆ ಸಾಗುತ್ತದೆ. ಪೂರ್ವದ್ದು ಡೋಂಗ್ರಿ, ಪರೇಲ್, ಶಿವಡಿ, ಆಂಟಾಪ್ ಹಿಲ್‌ಗಳಲ್ಲಿ ಬಿಟ್ಟುಬಿಟ್ಟು ತಲೆಯೆತ್ತಿ ಸಾಯನ್ ಮುಟ್ಟುತ್ತದೆ. ಇವೆರಡರ ನಡುವಣ ನೆಲದ ಬಹುಭಾಗ ಸಮುದ್ರದ ಉಬ್ಬರಕ್ಕೆ ಮುಳುಗುತ್ತಿದ್ದ ಜೌಗಾಗಿತ್ತು. 18ನೆಯ ಶತಮಾನದಲ್ಲಿ ವರ್ಲಿಯ ಕಡಲಗಂಡಿಗೆ ಹಾರ್ನ್‌ಬಿ ಒಡ್ಡು ಬಿದ್ದ ಮೇಲೆ ಅದು ಒಣಗತೊಡಗಿತು. 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್–ಮಾಟುಂಗಾ ಬಡಾವಣೆಗಳನ್ನು ರೂಪಿಸಿತು. ಪ್ರತಿ ಮಳೆಗಾಲದಲ್ಲೂ ದಾದರ್‌ನ ಹಿಂದ್‌ಮಾತಾ ಸುತ್ತ ನೀರು ನಿಂತಾಗ ಜನ ಚರಂಡಿಯನ್ನು ದೂರುತ್ತಾರೆ. ದೂರಿನಲ್ಲಿ ನಿಜವಿದೆ, ಆದರೆ ಅಲ್ಲಿನ ನೆಲವೇ ಬಟ್ಟಲಿನಂತಿದೆ.

ಈ ದಿಣ್ಣೆಗಳು ದಖನ್ ಟ್ರ್ಯಾಪ್‌ನ ಲಾವಾ ಪದರಗಳಿಂದಾದವು. ಪೂರ್ವದ ಒಳನಾಡಿನ ಮಾಥೇರಾನ್ ಬೆಟ್ಟದಲ್ಲಿ ಹೆಚ್ಚುಕಡಿಮೆ ಮಟ್ಟಸವಾಗಿರುವ ಪದರಗಳು ಮುಂಬೈಗೆ ಬರುವಷ್ಟರಲ್ಲಿ ಪಶ್ಚಿಮಕ್ಕೆ ವಾಲಿಕೊಂಡಿರುತ್ತವೆ. ಮಲಬಾರ್ ಹಿಲ್ ಸಮುದ್ರದ ಕಡೆಗೆ ನಿಧಾನವಾಗಿ ಇಳಿದು, ಪೂರ್ವಕ್ಕೆ ಕಡಿದಾಗಿ ನಿಂತಿರುವುದು ಈ ವಾಲಿನಿಂದಲೇ. ಬಸಾಲ್ಟ್‌ನ ಜೊತೆಗೆ ಜ್ವಾಲಾಮುಖಿ ಬೂದಿ ಗಟ್ಟಿಯಾದ ಟಫ್, ಚೂರುಕಲ್ಲು ಬೆಸೆದ ಬ್ರೆಕ್ಸಿಯಾ, ಹಳದಿ ಛಾಯೆಯ ಟ್ರಾಕೈಟ್ ಇಲ್ಲಿವೆ. ಎರಡು ಲಾವಾ ಹರಿವುಗಳ ನಡುವೆ ನೀರಿನಡಿ ಸಂಗ್ರಹವಾದ ಜೇಡಿಪದರಗಳೂ ಸಿಗುತ್ತವೆ.

ಅಧ್ಯಯನ ಶುರುವಾದದ್ದು ಈ ಜೇಡಿಪದರಗಳಿಂದ. ವರ್ಲಿಯ ಪದರಗಳಲ್ಲಿ ದೊರೆತ ಪುಟ್ಟ ಕಪ್ಪೆಗಳ ಪಳೆಯುಳಿಕೆಯನ್ನು 1847ರಲ್ಲಿ ಲಂಡನ್ನಿನ ರಿಚರ್ಡ್ ಓವೆನ್ ವರ್ಣಿಸಿದ. ಅದು ಇಂದು ಇಂಡೋಬಟ್ರಾಕಸ್ ಎಂಬ ಕುಲಕ್ಕೆ ಸೇರಿದೆ. ಸೇನಾ ವೈದ್ಯ ಹೆನ್ರಿ ಜಾನ್ ಕಾರ್ಟರ್ 1852ರಲ್ಲಿ ದ್ವೀಪದ ಭೂವಿಜ್ಞಾನವನ್ನು ಕುರಿತು ದೀರ್ಘ ಪ್ರಬಂಧ ಪ್ರಕಟಿಸಿದ. ಅಲ್ಲಿನ ಆಮೆಯ ಪಳೆಯುಳಿಕೆಯನ್ನು ವರ್ಣಿಸಿದವನೂ ಅವನೇ. 1866ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎ. ಬಿ. ವಿನ್ ದ್ವೀಪದ ಬಗ್ಗೆ ತಮ್ಮ ವರದಿ ಹೊರತಂದರು. ಅಗ್ನಿಪ್ರವಾಹಗಳ ನಡುವೆ ಕಪ್ಪೆ, ಆಮೆಗಳು ಬದುಕಿದ್ದವೆಂದರೆ ಲಾವಾ ಒಂದೇ ಸಮನೆ ಹರಿಯಲಿಲ್ಲ, ನಡುವೆ ಕೊಳಗಳು ತುಂಬುವಷ್ಟು ಬಿಡುವು ಸಿಕ್ಕಿತ್ತು ಎಂದಾಯಿತು.

ಪದರಗಳು ವಾಲಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ತಡವಾಗಿ ಬಂತು. ಜೆ. ಬಿ. ಆಡನ್ 1949ರಲ್ಲಿ ಚರ್ಚಿಸಿದ ‘ಪನವೇಲ್ ಬಾಗು’ ಲಾವಾ ಪದರಗಳು ಸಮುದ್ರದತ್ತ ಬಾಗಿರುವ, ಕರಾವಳಿಗುಂಟ ಸುಮಾರು 150 ಕಿ.ಮೀ. ಉದ್ದದ ರಚನೆ. 1958ರಲ್ಲಿ ಸೇಂಟ್ ಝೇವಿಯರ್ ಕಾಲೇಜಿನ ಆರ್. ಎನ್. ಸುಖೇಸ್ವಾಲಾ ಮತ್ತು ಆರೀ ಪೋಲ್ಡರ್‌ವಾರ್ಟ್ ಮುಂಬೈ ಬಸಾಲ್ಟ್‌ಗಳ ವಿವರವಾದ ಅಧ್ಯಯನ ಪ್ರಕಟಿಸಿದರು. ಬಾಗು ನಿಜಕ್ಕೂ ಬಾಗಿದ್ದೋ, ಸ್ತರಭಂಗಗಳುದ್ದಕ್ಕೂ, ಅಂದರೆ ಶಿಲೆ ಬಿರಿದು ಸರಿದ ಸೀಳುಗಳುದ್ದಕ್ಕೂ, ಒಡೆದು ಹೊರಳಿದ್ದೋ ಎಂಬ ವಾದ ಆಮೇಲೂ ಮುಂದುವರಿಯಿತು.

ಇಲ್ಲಿ ಮೆಡಿಟರೇನಿಯನ್ ದ್ವೀಪವೊಂದರ ಹೋಲಿಕೆ ಉಪಯುಕ್ತ. ಕ್ರೀಟ್‌ನಲ್ಲಿ ಭೂಫಲಕಗಳ ಒತ್ತಡದಿಂದ ಶಿಲಾಹಾಳೆಗಳು ನೂಕುಸ್ತರಭಂಗಗಳ ಮೇಲೆ ಜಾರಿ, ಒಂದರ ಮೇಲೊಂದು ಹೇರಿಕೊಂಡಿವೆ. ಇಂಥ ಹಾಳೆಗೆ ನಾಪೆ ಎಂದು ಹೆಸರು. ಬೆಟ್ಟದ ಪಾರ್ಶ್ವದಲ್ಲಿ ಹಳೆಯ ಕಲ್ಲು ಹೊಸದರ ಮೇಲೆ ಕುಳಿತದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಮುಂಬೈಯಲ್ಲಿ ನಡೆದದ್ದು ಇದರ ವಿರುದ್ಧ: ನೆಲ ಹಿಗ್ಗಿ, ಸೀಳಿ, ಕುಸಿಯಿತು. ಸೆಶೆಲ್ಸ್ ಭಾರತದಿಂದ ಕಳಚಿಕೊಂಡ ಕಾಲವದು. ಹೀಗೆ ತಗ್ಗಿದ ಪಶ್ಚಿಮ ಅಂಚಿನ ಕಡಲತಳದಲ್ಲಿಯೇ 1974ರಲ್ಲಿ ಬಾಂಬೆ ಹೈ ತೈಲ ಸಿಕ್ಕಿತು.

ಸೀಳಿದ ಗುರುತು ಬಂದರಿನ ಘಾರಾಪುರಿ, ಅಂದರೆ ಎಲಿಫಂಟಾ ದ್ವೀಪದಲ್ಲಿ ಸ್ಪಷ್ಟವಾಗಿದೆ. 6ನೆಯ ಶತಮಾನದ ಶಿವಗುಹೆಗಳನ್ನು ನೋಡಲು ಲಕ್ಷಾಂತರ ಜನ ಬರುವ ಈ ದ್ವೀಪದ ಸ್ತರಭಂಗ ವಲಯವನ್ನು ಮುಂಬೈಯ ಭೂವಿಜ್ಞಾನಿಗಳು ವರ್ಣಿಸಿದ್ದು 2017ರಲ್ಲಿ. ಪೂರ್ವ–ಆಗ್ನೇಯಕ್ಕೆ ಕಡಿದಾಗಿ ಇಳಿಯುವ ಎರಡು ದೊಡ್ಡ ಸ್ತರಭಂಗಗಳು ಅಲ್ಲಿವೆ. ಉಜ್ಜಿ ನುಣುಪಾದ ಮೇಲ್ಮೈಯ ಗೀರುಗಳ ದಿಕ್ಕು ನೋಡಿದರೆ ಬಂಡೆಗಳು ನೇರ ಕೆಳಕ್ಕಲ್ಲದೆ ಓರೆಯಾಗಿಯೂ ಸರಿದಿವೆ. ಅಲಿಬಾಗ್–ಉರಣ, ನ್ಹಾವಾ–ಶೇವಾ, ಬೇಲಪಾಡಾ ಸ್ತರಭಂಗಗಳೊಡನೆ ಸೇರಿಸಿ ನೋಡಿದಾಗ ಪನವೇಲ್ ಬಾಗು ಪೂರ್ವಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕುಸಿದ ರಚನೆಯೆಂದು ಅವರು ವಾದಿಸಿದರು. ಪನವೇಲ್ ಬಾಗಿನ ವಲಯದಡಿ ಈಗಲೂ ಸಣ್ಣಪುಟ್ಟ ಕಂಪನಗಳು ದಾಖಲಾಗುತ್ತವೆ.

ಮುಂಬೈಯ ಕಲ್ಲು ದಖನ್ನಿನ ಮುಖ್ಯ ಸ್ಫೋಟಗಳಿಗಿಂತ ಕಿರಿಯದು. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಆ ಲಾವಾಗಳ ಬಹುಕಾಲಾನಂತರ, 2001ರಲ್ಲಿ ಪ್ರಕಟವಾದ ಆರ್ಗಾನ್ ಕಾಲನಿರ್ಣಯದಂತೆ ಸುಮಾರು 6.05 ಕೋಟಿ ವರ್ಷಗಳ ಹಿಂದೆ, ಅಂಧೇರಿಯ ಗಿಲ್ಬರ್ಟ್ ಹಿಲ್‌ನ ಸ್ತಂಭಾಕಾರದ ಬಸಾಲ್ಟ್ ರೂಪುಗೊಂಡಿತು. ಇಲ್ಲಿನ ಟ್ರಾಕೈಟ್‌ಗಳೂ ಸರಿಸುಮಾರು ಆ ಕಾಲದವು. ಮಾಲಾಡ್ ಕಲ್ಲು ಎಂದು ಗಾರೆಯವರಿಗೆ ಪರಿಚಿತವಾದ ಈ ಟ್ರಾಕೈಟ್, ಕುರ್ಲಾದ ಬಸಾಲ್ಟ್‌ನೊಡನೆ, ಹಳೆಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಗೋಡೆಗಳಲ್ಲಿ ಬಳಕೆಯಾಗಿದೆ.