ಎತ್ತರದ ಮಾಪನ: ಶ್ರೀರಂಗಪಟ್ಟಣದ ಸೀಮೆಯಲ್ಲಿ ಸರಪಳಿಯಿಂದ ಲೇಸರಿನವರೆಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಕೋಟೆ, ದೇವಾಲಯ, ಶಾಸನಗಳನ್ನು ಕುರಿತು ಬರೆಹಗಳು ಹೇರಳವಾಗಿವೆ. ಇಲ್ಲಿನ ನೆಲದ ಏರುತಗ್ಗುಗಳನ್ನು ಅಳೆದ ಬಗೆಯಾದರೋ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕಾಲುವೆಯ ಕೆಳಗಿನ ಗದ್ದೆಗೂ ಮೇಲಿನ ಹೊಲಕ್ಕೂ ಇರುವ ಅಂತರವು ಹಲವೆಡೆ ಕೆಲವೇ ಅಡಿಗಳದ್ದು. ಒಂದು ಮನೆತನದ ಅನುಕೂಲ ಅನನುಕೂಲಗಳೂ ಆ ಅಡಿಗಳನ್ನೇ ಅವಲಂಬಿಸಿವೆ. ಈಗ ಸಣ್ಣ ಡ್ರೋನುಗಳ ತಳದಲ್ಲಿ ಅಳವಡಿಸುವ ಲೇಸರ್ ಎತ್ತರಮಾಪಕವನ್ನು ಈ ಚರಿತ್ರೆಯೊಳಗಿಟ್ಟು ನೋಡಿದರೆ, ಅದು ಎಬ್ಬಿಸುವ ಪ್ರಶ್ನೆ ಹೊಸದಲ್ಲವೆಂದು ತಿಳಿದುಬರುತ್ತದೆ. ಎತ್ತರವೆಂದರೆ ಯಾವುದರಿಂದ ಎತ್ತರ?

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಮುತ್ತಿಗೆಯ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್, ಕಾಲಿನ್ ಮೆಕೆಂಜಿ ಇಬ್ಬರೂ ಇದ್ದರು. ಆ ದಂಡಯಾತ್ರೆಯ ಒಂದು ರಾತ್ರಿ ಬೇರ್ಡನ ಪಡೆಯು ದಾರಿ ತಪ್ಪಿ ಶತ್ರುವಿನ ಕಡೆಗೇ ನಡೆದಾಗ, ಲ್ಯಾಂಬ್ಟನ್ ನಕ್ಷತ್ರಗಳನ್ನು ನೋಡಿ ದಿಕ್ಕನ್ನು ತಿದ್ದಿದನೆಂದು ಹೇಳುತ್ತಾರೆ. ಯುದ್ಧಾನಂತರ ಮೆಕೆಂಜಿಯು ಮೈಸೂರಿನ ಭೂಮಾಪನವನ್ನು ಕೈಗೊಂಡನು. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಮೊದಲ ಆಧಾರರೇಖೆಯನ್ನೂ, 1802ರಲ್ಲಿ ಮದರಾಸಿನಲ್ಲಿ ಮತ್ತೊಂದನ್ನೂ ಅಳೆದನು. ಅವನ ಮಹಾ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಗುತ್ತಿತ್ತು. ಅದರಿಂದ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಹಿಡಿದು, ಗಾಳಿಯಲ್ಲಿ ಬೆಳಕು ಬಾಗುವುದಕ್ಕೆ ತಿದ್ದುಪಡಿ ಮಾಡಿ ಪಡೆದ ಎತ್ತರಗಳಿಗೆ ಸಮುದ್ರವೇ ಸೊನ್ನೆ.

ಕಾಲುವೆ ತೋಡುವವನಿಗೆ ಸಮುದ್ರವು ದೂರದ ಮಾತು. ಚಿಕ್ಕದೇವರಾಜ ಒಡೆಯರ ಹೆಸರಿನ ಕಾಲುವೆಯನ್ನು ತೋಡಿದವರು ನೀರನ್ನೇ ಮಟ್ಟಗೋಲಾಗಿ ಬಳಸಿರಬೇಕೆಂದು ನಮ್ಮ ಊಹೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ವಿಷಯದಲ್ಲಿಯೂ ಜನರ ನಾಲಗೆಯ ಮೇಲಿರುವುದು 124.80 ಅಡಿ ಎಂಬ ಸಂಖ್ಯೆಯೇ. ಅದು ಕಟ್ಟೆಯ ಸ್ಥಳದ ಸೊನ್ನೆಯಿಂದ ಎಣಿಸಿದ್ದು. ಅದೇ ನೀರು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಮೇಲಿದೆ. ಎರಡೂ ನಿಜ, ಎರಡರ ಪ್ರಯೋಜನ ಬೇರೆ.

ಡ್ರೋನಿನ ಸ್ಥಿತಿಯೂ ಇಂಥದೇ. ಅದರೊಳಗಿನ ವಾಯುಭಾರಮಾಪಕವು ಹಾರಿದ ಜಾಗವನ್ನು ಸೊನ್ನೆಯೆಂದು ಹಿಡಿಯುತ್ತದೆ. ನಮ್ಮ ಪ್ರದೇಶದ ಎತ್ತರದಲ್ಲಿ ಒಂದು ಮಿಲಿಬಾರ್ ಒತ್ತಡದ ವ್ಯತ್ಯಾಸವು ಸುಮಾರು 9 ಮೀಟರಿಗೆ ಸಮ. ಆದುದರಿಂದ ಮಳೆಮೋಡ ಕವಿದರೂ ಲೆಕ್ಕ ಕದಲುತ್ತದೆ. ಉಪಗ್ರಹವು ಕೊಡುವ ಎತ್ತರವು ಗಣಿತದ ದೀರ್ಘವೃತ್ತಜದಿಂದ ಎಣಿಸಿದ್ದು. ದಕ್ಷಿಣ ಕರ್ನಾಟಕದಲ್ಲಿ ಅದು ಸಮುದ್ರಮಟ್ಟದ ಎತ್ತರಕ್ಕಿಂತ 80 ಮೀಟರಿಗೂ ಹೆಚ್ಚು ಕಡಮೆಯಾಗಿ ಕಾಣುತ್ತದೆ. ಪಾಂಡವಪುರದ ಕುಂತಿಬೆಟ್ಟದ ಬುಡದಿಂದ 30 ಮೀಟರು ಮೇಲೇರಿ ಬೆಟ್ಟದತ್ತ ಅದೇ ಮಟ್ಟದಲ್ಲಿ ಸಾಗುವ ಡ್ರೋನಿಗೆ, ಬಂಡೆ ತನ್ನೆಡೆಗೆ ಏರಿಬರುತ್ತಿದೆಯೆಂಬುದು ಈ ಎರಡರಿಂದಲೂ ಗೊತ್ತಾಗದು.

ಆ ಕೊರತೆಯನ್ನು ತುಂಬುವುದೇ ಲೇಸರ್. 1960ರಲ್ಲಿ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. 1971ರಲ್ಲಿ ಅಪೋಲೋ 15 ಲೇಸರ್ ಎತ್ತರಮಾಪಕವನ್ನು ಚಂದ್ರನ ಸುತ್ತ ಒಯ್ದಿತು. 2008ರ ಚಂದ್ರಯಾನ-1ರಲ್ಲಿದ್ದ ಇಂಥ ಉಪಕರಣವು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ಸಿದ್ಧವಾಯಿತೆಂಬುದು ಸ್ಮರಣೀಯ. ತತ್ತ್ವ ಸರಳ: ಕಣ್ಣಿಗೆ ಕಾಣದ ಬೆಳಕಿನ ಮಿಡಿತವೊಂದು ನೆಲಕ್ಕೆ ತಾಕಿ ಮರಳುವ ಕಾಲವನ್ನು ಎಣಿಸುವುದು. ಒಂದು ಮೀಟರು ಎತ್ತರಕ್ಕೆ ಹೋಗಿಬರುವ ಕಾಲ ಸುಮಾರು 6.7 ನ್ಯಾನೋಸೆಕೆಂಡು, ಸೆಂಟಿಮೀಟರಿನ ನಿಖರತೆಗೆ ಅದರ ನೂರನೆಯ ಒಂದು ಭಾಗವನ್ನು ಹಿಡಿಯಬೇಕು. ಇದನ್ನು ಸಾಧಿಸುವ ಯಂತ್ರ ಇಂದು ಕೆಲವೇ ಹತ್ತು ಗ್ರಾಂ ತೂಗುತ್ತದೆ. ಲ್ಯಾಂಬ್ಟನ್ನನ ಥಿಯೋಡೊಲೈಟನ್ನು ಹೊತ್ತ ಕೂಲಿಗಳನ್ನು ನೆನೆದರೆ ಈ ಹಗುರ ಸಣ್ಣದಲ್ಲ.

ಆದರೂ ಲೇಸರು ಹೇಳುವುದು ತನ್ನ ಕಿರಣ ತಾಕಿದ್ದರಿಂದ ಎಷ್ಟು ದೂರವೆಂಬುದನ್ನು ಮಾತ್ರ. ತೊಣ್ಣೂರು ಕೆರೆಯ ನೀರು ನಿಶ್ಚಲವಾಗಿದ್ದಾಗ ಕಿರಣವು ಮರಳದೆಯೇ ಹೋಗಬಹುದು, ತಿಳಿನೀರಿನಲ್ಲಿ ತಳವನ್ನೇ ತೋರಿ ಮೋಸಗೊಳಿಸಬಹುದು. ಕೃಷ್ಣರಾಜಪೇಟೆಯ ಕಡೆ ಹೇಮಾವತಿಯ ನೀರುಂಡ ಕಬ್ಬಿನ ತೋಟದಲ್ಲಿ ಅದು ಒಮ್ಮೆ ಗರಿಯನ್ನೂ ಒಮ್ಮೆ ಸಂದಿಯ ಮಣ್ಣನ್ನೂ ಅಳೆಯುತ್ತದೆ. ಔಷಧಿ ಸಿಂಪಡಿಸುವವನಿಗೆ ಬೇಕಾದದ್ದು ಗರಿಯಿಂದ ಎತ್ತರ. ನಾಗಮಂಗಲದ ಬಯಲಿಗೆ ನೀರು ಹತ್ತುವುದೇ ಎಂದು ನೋಡುವ ಎಂಜಿನಿಯರಿಗೆ ಬೇಕಾದದ್ದು ಮಣ್ಣಿನ ಎತ್ತರ, ಅದೂ ಸಮುದ್ರದಿಂದ. ಎರಡನೆಯವನು ಲೇಸರಿನ ಸಂಖ್ಯೆಯನ್ನು ಡ್ರೋನಿನ ಸ್ಥಾನದಿಂದ ಕಳೆದು, ಅದನ್ನು ಭೂಮಾಪನ ಇಲಾಖೆಯ ಮಟ್ಟಗಲ್ಲಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ.