ಗುರುತ್ವನಿಯಮವೂ ವಿಶ್ವದ ದೂರಮಾನವೂ

ಗಣಿತಕ್ಕೂ ವೇಧೆಗೂ ವಿರೋಧವೊದಗಿದಾಗ ಜ್ಯೋತಿರ್ವಿದರಿಗೆ ಎರಡೇ ಮಾರ್ಗಗಳು: ಕಾಣದ ವಸ್ತುವನ್ನು ಊಹಿಸುವುದು, ಇಲ್ಲವೆ ನಿಯಮವನ್ನೇ ತಿದ್ದುವುದು. ಬುಧನ ಗತಿಭೇದಕ್ಕಾಗಿ 1859ರಲ್ಲಿ ಲೆವೆರಿಯೇ ಊಹಿಸಿದ ಗ್ರಹವು ದೊರೆಯಲೇ ಇಲ್ಲ. 1915ರಲ್ಲಿ ಐನ್‌ಸ್ಟೈನನು ನಿಯಮವನ್ನು ತಿದ್ದಿ ತೊಡಕನ್ನು ಬಿಡಿಸಿದನು.

1998ರಲ್ಲಿ ಆ ಪ್ರಶ್ನೆಯೇ ಮರಳಿ ಬಂದಿತು. ದೂರದ ಸೂಪರ್‌ನೋವಾಗಳು ಎಣಿಸಿದುದಕ್ಕಿಂತ ಮಂಕಾಗಿ ಕಂಡು, ವಿಶ್ವವಿಸ್ತಾರವು ವೇಗಗೊಳ್ಳುತ್ತಿರುವುದು ತಿಳಿಯಿತು. ಹಲವರು ಕಾಣದ ಶಕ್ತಿಯೊಂದನ್ನು ಹೇಳಿದರು. ಗುರುತ್ವವು ಬಹುದೂರದಲ್ಲಿ ಐದನೆಯ ಆಯಾಮಕ್ಕೆ ಸೋರಿಹೋಗುವುದೆಂದು 2000ದಲ್ಲಿ ದ್ವಾಲಿ, ಗಬದಾದ್ಜೆ, ಪೊರ್ರಾಟಿ ಎಂಬವರು ವಾದಿಸಿದರು; ಆ ಸೋರಿಕೆಯೇ ವೇಗವೃದ್ಧಿಗೆ ಕಾರಣವಾಗಬಹುದೆಂದು ದೆಫಾಯೆ ತೋರಿಸಿದರು. ವಾದವು ಮನೋಹರವಾದುದೇ ಸರಿ. ಆದರೆ ಸೂಪರ್‌ನೋವಾಗಳ ದೂರ, ಗ್ಯಾಲಕ್ಸಿಗಳ ಹಂಚಿಕೆಯಿಂದ ದೊರೆತ ದೂರ, ಹಿನ್ನೆಲೆ ವಿಕಿರಣ, ಈ ಮೂರನ್ನೂ ಕೂಡಿಸಿ ನೋಡಲು ಅದು ನಿಲ್ಲಲಿಲ್ಲ.

2017ರ ಆಗಸ್ಟ್ 17ರಂದು ಬೇರೊಂದು ಅಳತೆಗೋಲು ಕೈಗೆ ಬಂದಿತು. ಎರಡು ನ್ಯೂಟ್ರಾನ್ ತಾರೆಗಳು ಕೂಡಿದಾಗ ಎದ್ದ ಗುರುತ್ವತರಂಗವು ಮುಟ್ಟಿದ 1.7 ಸೆಕೆಂಡುಗಳಲ್ಲಿ ಗಾಮಾಕಿರಣವೂ ಮುಟ್ಟಿತು. ಎರಡರ ವೇಗವೂ ಸಮವೆನ್ನಬೇಕಾಯಿತು. ತರಂಗವೇಗವು ಬೇರೆಯೆಂದ ಎಷ್ಟೋ ಸಿದ್ಧಾಂತಗಳು ಅಂದೇ ಬಿದ್ದವು. ತರಂಗದ ಪ್ರಾಬಲ್ಯದಿಂದ ದೂರವು ಸುಮಾರು 13 ಕೋಟಿ ಜ್ಯೋತಿರ್ವರ್ಷಗಳೆಂದು ಬಂದಿತು. ಅದರ ನೆಲೆಯಾದ ಎನ್. ಜಿ. ಸಿ. 4993 ಎಂಬ ಗ್ಯಾಲಕ್ಸಿಯ ದೂರವೂ ಹೆಚ್ಚುಕಡಮೆ ಅಷ್ಟೇ. ಸೋರಿಕೆಯಿದ್ದಿದ್ದರೆ ತರಂಗವು ಕ್ಷೀಣಿಸಿ, ದೂರವು ಹೆಚ್ಚಾಗಿ ತೋರಬೇಕಾಗಿತ್ತು. ಆದರೂ ತಾರೆಗಳ ಕಕ್ಷೆಯ ಓರೆಯು ನಿಶ್ಚಿತವಲ್ಲದ್ದರಿಂದ ಈ ಅಳತೆಯು ಸ್ಥೂಲವಾದುದು. ಇದಕ್ಕಿಂತ ಎಷ್ಟೋ ಪಾಲು ದೂರದಲ್ಲಿ ಮಾತ್ರ ಆಗತಕ್ಕ ಸೋರಿಕೆಯನ್ನು ಇದೊಂದರಿಂದಲೇ ಅಲ್ಲಗಳೆಯಲಾಗದು.